ಬಿದ್ದ ಗೋಡೆಯ ಸಾಕ್ಷಿ

ವರದೆಯ ನೆರೆ ಇಳಿದ ಮರುದಿನ ಹಾನಗಲ್ಲ ತಾಲೂಕಿನ ಯಾವ ನದೀತೀರದ ಹಳ್ಳಿಗೆ ಹೋದರೂ ಕಾಣುವ ದೃಶ್ಯ ಹೆಚ್ಚುಕಡಿಮೆ ಒಂದೇ. ಪಡಸಾಲೆಯ ಮಣ್ಣಿನ ಗೋಡೆ ಅಂಗಳಕ್ಕೆ ಮಗುಚಿ ಬಿದ್ದಿರುತ್ತದೆ. ಜಂತಿಯೊಂದು ಅರ್ಧಕ್ಕೆ ಜೋತಾಡುತ್ತಿರುತ್ತದೆ. ಮನೆಯೊಡತಿ ಕೆಸರಿನೊಳಗಿಂದ ಪಾತ್ರೆಗಳನ್ನು ಹೆಕ್ಕುತ್ತಿರುತ್ತಾಳೆ. ಹೇಳಿಕಳುಹಿಸಿದ ಗೌಂಡಿ ಬಂದು, ಒಮ್ಮೆ ಸುತ್ತಲೂ ನೋಡಿ, "ಮೊದ್ಲ ಈ ಮಣ್ಣು ತೆಗಸೂಣ್ರೀ ಯಜಮಾನ್ರ, ಆಮ್ಯಾಲೆ ಮಾತಾಡೂಣು" ಎನ್ನುತ್ತಾನೆ.

ಅವನ ಮಾತು ಸಹಜವಾದುದೇ. ಮತ್ತೆ ಮಳೆ ಹಿಡಿಯುವ ಮೊದಲು ತಲೆಯ ಮೇಲೊಂದು ಸೂರು ಆಗಬೇಕು. ಆದರೆ ಸಂಜೆಯ ಹೊತ್ತಿಗೆ ಆ ಮಣ್ಣಿನೊಡನೆ ಇನ್ನೊಂದು ವಸ್ತುವೂ ತಿಪ್ಪೆ ಸೇರಿರುತ್ತದೆ. ಗೋಡೆ ಎಷ್ಟು ಉದ್ದವಿತ್ತು, ಎಷ್ಟು ದಪ್ಪವಿತ್ತು, ಎಷ್ಟು ಭಾಗ ಬಿದ್ದಿತು ಎಂಬುದಕ್ಕಿದ್ದ ಏಕೈಕ ಸಾಕ್ಷಿ ಅದು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿಯ ಬಾಗಿಲು ಹಾಕಿದಂತೆ, ಆಮೇಲೆ ಎಷ್ಟು ಅರ್ಜಿ ಬರೆದರೂ ಆ ಸಾಕ್ಷಿ ಮರಳಿ ಬಾರದು.

ಈ ಸೀಮೆಗೆ ನೀರಿನ ಉಪದ್ರವ ಹೊಸತಲ್ಲ. ಧರ್ಮಾ ನದಿ ಹಾನಗಲ್ಲ ತಾಲೂಕಿನ ಕೂಡಲದ ಬಳಿ ವರದೆಯನ್ನು ಸೇರುತ್ತದೆ. ತುಂಬಿದ ವರದೆಯು ಸವಣೂರ ಸೀಮೆಯನ್ನು ಹಾಯ್ದು ಗಳಗನಾಥದಲ್ಲಿ ತುಂಗಭದ್ರೆಗೆ ಕೂಡುತ್ತದೆ. ಹಿರೇಕೆರೂರ ಕಡೆಗೆ ಕುಮುದ್ವತಿಯಿದ್ದಾಳೆ. ಶಿಗ್ಗಾವಿಯವರಿಗೆ ಹೊಳೆಗಿಂತಲೂ ಹೆಚ್ಚಿನ ಭಯ ದಿನಗಟ್ಟಲೆ ಹಿಡಿಯುವ ಜಡಿಮಳೆಯದು. ನೆನೆನೆನೆದು ಮೆತ್ತಗಾದ ಮಣ್ಣಿನ ಗೋಡೆ ರಾತ್ರೋರಾತ್ರಿ ಕುಸಿಯುತ್ತದೆ. 2019ರ ಆಗಸ್ಟಿನ ಮಳೆ ಮತ್ತು ನೆರೆಗಳಲ್ಲಿ ಹಾವೇರಿ ಜಿಲ್ಲೆಯ ಸಾವಿರಾರು ಮನೆಗಳು ಜಖಂಗೊಂಡವು.

ಆ ವರ್ಷ ಸರಕಾರವು ಹಾನಿಯನ್ನು ಮೂರು ವರ್ಗಗಳಾಗಿ ವಿಂಗಡಿಸಿತು. ಶೇಕಡಾ 75ಕ್ಕೂ ಹೆಚ್ಚು ಹಾಳಾದ ಮನೆ 'ಎ' ವರ್ಗ, 25ರಿಂದ 75ರವರೆಗಿನದು 'ಬಿ' ವರ್ಗ, 15ರಿಂದ 25ರವರೆಗಿನದು 'ಸಿ' ವರ್ಗ. 'ಎ' ವರ್ಗಕ್ಕೆ 5 ಲಕ್ಷ ರೂಪಾಯಿಯಾದರೆ 'ಸಿ' ವರ್ಗಕ್ಕೆ 50 ಸಾವಿರ. ಮುಂದಿನ ವರ್ಷಗಳಲ್ಲಿ ಈ ಮೊತ್ತಗಳು ಬದಲಾದುವಾದರೂ ತತ್ತ್ವ ಬದಲಾಗಲಿಲ್ಲ. ಶೇಕಡಾ 24ಕ್ಕೂ 26ಕ್ಕೂ ನಡುವಣ ಅಂತರ ಕಣ್ಣಿಗೆ ಕಾಣುವಂತಹುದಲ್ಲ. ಒಂದು ಸಂಸಾರದ ಬಾಳಿನಲ್ಲಾದರೋ ಅದು ಬಹು ದೊಡ್ಡ ಅಂತರ. ವರ್ಗವನ್ನು ನಿರ್ಣಯಿಸುವವರು ಅಧಿಕಾರಿಗಳು ಮತ್ತು ಎಂಜಿನಿಯರರು, ನಿಜ. ಆದರೆ ನಿರ್ಣಯದ ಬಗೆಗೆ ಸಂಶಯ ಬಂದಾಗ ಮನೆಯವರ ಕೈಯಲ್ಲಿ ತೋರಿಸಲು ಏನಿರುತ್ತದೆ? ಅನೇಕ ವೇಳೆ ಕಣ್ಣೀರು ಮಾತ್ರ.

ಅಮೆರಿಕೆಯಂತಹ ದೇಶಗಳಲ್ಲಿ ಹಾಳಾದ ಮನೆಗಳನ್ನು ಸರಿಪಡಿಸಿಕೊಡುವುದೇ ಒಂದು ಪ್ರತ್ಯೇಕ ಉದ್ಯೋಗ. ಅಲ್ಲಿಯ ಕಂತ್ರಾಟುದಾರರು ಕೆಲಸಕ್ಕೆ ಕೈಹಚ್ಚುವ ಮೊದಲೇ ಪ್ರತಿಯೊಂದು ಕೋಣೆಯ ಛಾಯಾಚಿತ್ರ ತೆಗೆದು, ಗೋಡೆಯ ತೇವವನ್ನು ಅಳೆದು, ದಿನದಿನದ ಕೆಲಸವನ್ನು ಬರೆದಿಡುತ್ತಾರೆ. ಅದಿಲ್ಲದೆ ವಿಮಾ ಕಂಪನಿ ಅವರ ಬಿಲ್ಲನ್ನು ಒಪ್ಪುವುದು ಕಷ್ಟ. ಈಚೆಗೆ ಈ ಬರಹದ ಕೆಲಸಕ್ಕೆ ಅವರು ಕೃತಕ ಬುದ್ಧಿಮತ್ತೆಯ ನೆರವು ಪಡೆಯತೊಡಗಿದ್ದಾರೆ. ಹಾನಗಲ್ಲ ಸವಣೂರುಗಳಲ್ಲಿ ಅಂತಹ ಪ್ರತ್ಯೇಕ ಉದ್ಯೋಗವಿಲ್ಲ. ಇಲ್ಲಿ ಇರುವವರು ಗೌಂಡಿ, ಬಡಿಗ, ಹಂಚು ಹೊದಿಸುವವರು. ಅವರ ಲೆಕ್ಕವೆಲ್ಲ ತಲೆಯಲ್ಲಿ, ತಪ್ಪಿದರೆ ಸುಣ್ಣದ ಗೋಡೆಯ ಮೇಲೆ ಎಳೆದ ಇದ್ದಲಿನ ಗೆರೆಯಲ್ಲಿ. ಕೈಯಲ್ಲಿ ಕಸುಬಿದೆ, ಕಾಗದವಿಲ್ಲ.

ಹೊಸ ಯಂತ್ರದ ಉಪಯೋಗ ಇಲ್ಲಿಯೇ. ಬರೆಯಲು ಬೇಸರಿಸುವ ಗೌಂಡಿ ಮಾತನಾಡಲು ಬೇಸರಿಸುವುದಿಲ್ಲ. ಮೊಬೈಲನ್ನು ಎದುರಿಗೆ ಹಿಡಿದು, "ಪಡಸಾಲಿ ಗ್ವಾಡಿ, ಉದ್ದ ಇಪ್ಪತ್ತು ಫೂಟು, ಎತ್ತರ ಒಂಬತ್ತು, ದಪ್ಪ ಒಂದೂವರಿ" ಎಂದು ಅವನು ನುಡಿದರೆ ಸಾಕು. ಯಂತ್ರವು ಅದನ್ನು ಅಕ್ಷರಕ್ಕಿಳಿಸಿ, ಕೋಣೆವಾರು ವಿಂಗಡಿಸಿ, ಗುಣಿಸಿ, 270 ಘನ ಅಡಿ, ಅಂದರೆ 2.70 ಬ್ರಾಸ್ ಎಂದು ಲೆಕ್ಕ ಹಾಕಿ, ಕಚೇರಿಗೆ ಒಪ್ಪುವ ಭಾಷೆಯಲ್ಲಿ ವರದಿಯನ್ನು ಸಿದ್ಧಪಡಿಸಬಲ್ಲುದು. ಹಿಂಬದಿಯ ಗೋಡೆಯ ಅಳತೆ ಬಿಟ್ಟುಹೋಗಿದ್ದರೆ ಅದನ್ನೂ ಕೇಳಬಲ್ಲುದು. ಭಾರತೀಯ ಭಾಷೆಗಳಿಗಾಗಿ ಕೇಂದ್ರ ಸರಕಾರವು 2022ರಲ್ಲಿ ಆರಂಭಿಸಿದ ಭಾಷಿಣಿಯೇ ಮೊದಲಾದ ಏರ್ಪಾಡುಗಳಿಂದ ಕನ್ನಡದ ನುಡಿಯನ್ನು ಬರಹಕ್ಕೆ ತರುವ ಕೆಲಸ ಮೊದಲಿಗಿಂತ ಎಷ್ಟೋ ಸುಲಭವಾಗಿದೆ.

ಆದರೆ ಯಂತ್ರಕ್ಕೆ ಹಾನಗಲ್ಲು ಗೊತ್ತಿಲ್ಲ. ಗೌಂಡಿಯು "ಗ್ವಾಡಿ ಕುಂತೈತಿ" ಎಂದರೆ ತಳ ಕುಸಿದು ಗೋಡೆ ಇಳಿದಿದೆ ಎಂದರ್ಥ. "ಹೊಟ್ಟಿ ಬಿಟ್ಟೈತಿ" ಎಂದರೆ ನಡುವೆ ಉಬ್ಬಿ ಇಂದೋ ನಾಳೆಯೋ ಬೀಳುವಂತಿದೆ ಎಂದರ್ಥ. ಗೋಡೆ ಕುಳಿತುಕೊಂಡಿದೆ ಎಂದು ಯಂತ್ರ ಬರೆದರೆ ಓದಿದ ಅಧಿಕಾರಿ ನಗಬಹುದು. ನೂರು ಘನ ಅಡಿಯ ಬ್ರಾಸನ್ನು ಅದು ಹಿತ್ತಾಳೆಯೆಂದು ತಿಳಿದರೂ ಆಶ್ಚರ್ಯವಿಲ್ಲ.

ಇಂತಹ ತಪ್ಪುಗಳನ್ನು ಓದಿದವರು ಕೂಡಲೇ ಗುರುತಿಸಬಲ್ಲರು. ನಿಜವಾದ ಅಪಾಯ ಬೇರೆ. ಹೇಳದೆ ಬಿಟ್ಟುದನ್ನು ಯಂತ್ರವು ತಾನೇ ಊಹಿಸಿ ತುಂಬಿಬಿಡಬಹುದು. ಎತ್ತರ ಹೇಳಲು ಮರೆತರೆ, ವಾಡಿಕೆಯ ಗೋಡೆ ಹತ್ತು ಅಡಿಯೆಂದು ಭಾವಿಸಿ 3 ಬ್ರಾಸ್ ಎಂದು ಬರೆದೀತು. ಬರಹ ಎಷ್ಟು ಅಚ್ಚುಕಟ್ಟಾಗಿರುತ್ತದೆಂದರೆ ಯಾರಿಗೂ ಸಂಶಯವೇ ಬರುವುದಿಲ್ಲ. ಮುಂದೊಂದು ದಿನ ಎಂಜಿನಿಯರರು ಟೇಪು ಹಿಡಿದು ಉಳಿದ ಗೋಡೆಯನ್ನು ಅಳೆದಾಗ ಒಂಬತ್ತೇ ಅಡಿ ಬಂದರೆ? ಆ ಒಂದು ಅಡಿಯ ಸುಳ್ಳಿಗಾಗಿ ವರದಿಯಲ್ಲಿದ್ದ ಉಳಿದ ಸತ್ಯವೆಲ್ಲ ಸಂಶಯಕ್ಕೆ ಗುರಿಯಾಗುತ್ತದೆ. ಸುಳ್ಳು ಹೇಳಬೇಕೆಂದು ಯಾರೂ ಬಗೆದಿರಲಿಲ್ಲ; ಆದರೂ ಮನೆಯವನು ಸುಳ್ಳುಗಾರನಾಗುತ್ತಾನೆ. ಛಾಯಾಚಿತ್ರದ ಮಾತೂ ಹೀಗೆಯೇ. ಮೊಬೈಲಿನ ಜಾಣತನವು ಚಿತ್ರವನ್ನು ಅಂದಗೊಳಿಸುವ ಭರದಲ್ಲಿ ಬಿರುಕನ್ನು ಮುಚ್ಚಿದರೂ ಕಷ್ಟ, ಎದ್ದು ಕಾಣಿಸಿದರೂ ಕಷ್ಟ.

ಲೋಕೋಪಯೋಗಿ ಇಲಾಖೆಯ ಅಳತೆ ಪುಸ್ತಕವನ್ನು ಬಲ್ಲವರಿಗೆ ಇದರ ಪರಿಹಾರ ಹೊಸದೆನಿಸದು. ಆ ಪುಸ್ತಕದ ಪುಟಗಳಿಗೆ ಮೊದಲೇ ಅಂಕೆ ಬಿದ್ದಿರುತ್ತದೆ. ಅಳತೆಯನ್ನು ಸ್ಥಳದಲ್ಲಿಯೇ ಬರೆಯಬೇಕು. ತಪ್ಪಾದರೆ ಅಳಿಸುವಂತಿಲ್ಲ, ಓದಲು ಬರುವಂತೆ ಗೆರೆ ಎಳೆದು, ಸರಿಯಾದುದನ್ನು ಬರೆದು, ತಾರೀಖು ಸಹಿತ ಸಹಿ ಮಾಡಬೇಕು. ತಪ್ಪು ಮಾಡುವುದು ಮನುಷ್ಯನ ಗುಣವೆಂದು ಒಪ್ಪಿಕೊಂಡು, ಅದನ್ನು ಮುಚ್ಚಿಡುವುದನ್ನು ಮಾತ್ರ ನಿಷೇಧಿಸಿದ ಹಳೆಯ ವಿವೇಕವದು. ಹೊಸ ಯಂತ್ರಕ್ಕೂ ಇದೇ ಕಟ್ಟಳೆ ತಕ್ಕದ್ದು. ಅಳತೆ ಟೇಪಿನದಾಗಿರಲಿ, ಮಾತು ಗೌಂಡಿಯದಾಗಿರಲಿ, ಜೋಡಣೆ ಮಾತ್ರ ಯಂತ್ರದ್ದಾಗಿರಲಿ. ಹೇಳದಿರುವ ಅಂಕೆಯನ್ನು ತುಂಬದೆ "ಅಳತೆ ಆಗಿಲ್ಲ" ಎಂದು ಬರೆಯುವಂತೆ ಅದಕ್ಕೆ ಮೊದಲೇ ಆಜ್ಞಾಪಿಸಬೇಕು. ಬರೆದು ಮುಗಿದ ಮೇಲೆ ಗೌಂಡಿಗೂ ಮನೆಯವರಿಗೂ ಗಟ್ಟಿಯಾಗಿ ಓದಿ ಹೇಳಿ, ಅವರು ಹೌದೆಂದ ಬಳಿಕವೇ ಸಹಿ ಪಡೆಯಬೇಕು.

ಹುಬ್ಬಳ್ಳಿ ಬೆಂಗಳೂರುಗಳಲ್ಲಿ ನೆಲೆಸಿ, ಸವಣೂರಲ್ಲೋ ಹಿರೇಕೆರೂರಲ್ಲೋ ಹಿರಿಯರ ಮನೆಯನ್ನು ಉಳಿಸಿಕೊಂಡಿರುವ ಕುಟುಂಬಗಳು ಅನೇಕ. ಅಂತಹವರು ಮಳೆಗಾಲಕ್ಕೆ ಮುನ್ನ ಊರಿಗೆ ಹೋದಾಗ ನಿಂತಿರುವ ಮನೆಯ ಚಿತ್ರಗಳನ್ನು ನಾಲ್ಕು ಕಡೆಯಿಂದಲೂ ತೆಗೆದು, ಕೋಣೆಗಳ ಅಳತೆಯನ್ನು ಬರೆದಿಡುವುದು ಒಳ್ಳೆಯದು. ಹಾನಿಯಾದಾಗ ಮೊದಲು ದೂರದಿಂದ ಇಡೀ ಮನೆ, ಬಳಿಕ ಒಂದೊಂದೇ ಗೋಡೆ, ಕಡೆಗೆ ಟೇಪು ಹಿಡಿದ ಬಿರುಕು, ಹೀಗೆ ಚಿತ್ರ ತೆಗೆಯಬೇಕು. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳಿಸಿದಾಗ ಅದು ಕುಗ್ಗುವುದಲ್ಲದೆ, ಅದರೊಳಗೆ ಅಡಗಿರುವ ಸ್ಥಳ ಸಮಯಗಳ ಗುರುತೂ ಅಳಿಯುವುದರಿಂದ ಮೂಲ ಪ್ರತಿಯನ್ನು ಮೊಬೈಲಿನಲ್ಲಿಯೇ ಕಾಪಾಡಿಕೊಳ್ಳಬೇಕು. 2021ರ ಏಪ್ರಿಲಿನಿಂದ ಜಾರಿಯಲ್ಲಿರುವ ಭಾರತ ಗೃಹ ರಕ್ಷಾ ವಿಮೆಯಲ್ಲಿ ನೆರೆಯ ಹಾನಿಯೂ ಸೇರಿದೆ. ಅದನ್ನು ಪಡೆದವರಿಗಂತೂ ಸಮೀಕ್ಷಕನ ಮುಂದೆ ಇಂತಹ ದಾಖಲೆಯೇ ಆಧಾರ.

ಗೌಂಡಿಗೂ ಇದರಿಂದ ಲಾಭವುಂಟು. ಮಾಡಿದ ಕೆಲಸ ಕಾಗದದಲ್ಲಿದ್ದರೆ ಕೂಲಿಯ ವಿಷಯದಲ್ಲಿ ಜಗಳವಿಲ್ಲ. ಗಿಲಾವಿನ ಹಿಂದೆ ಮರೆಯಾದ ಇಟ್ಟಿಗೆಯ ಲೆಕ್ಕವನ್ನು ಆರು ತಿಂಗಳ ಮೇಲೆ ಯಾರಾದರೂ ಕೇಳಿದರೂ ಅವನು ತಲೆ ತಗ್ಗಿಸಬೇಕಾಗಿಲ್ಲ.

ಬಿದ್ದ ಗೋಡೆಗೆ ಬಾಯಿಲ್ಲ. ಅದರ ಪರವಾಗಿ ಮಾತನಾಡಲು ಈಗ ಯಂತ್ರವೊಂದು ಬಂದಿದೆ. ಅದು ಬಲು ವಾಚಾಳಿ. ಅದರ ಮಾತು ಗೋಡೆಯನ್ನು ಕಂಡವರ ಮಾತಾಗಿರುವಂತೆ ನೋಡಿಕೊಳ್ಳುವ ಹೊಣೆ ಮಾತ್ರ ಮನೆಯವರದು ಮತ್ತು ಗೌಂಡಿಯದು. ಆದುದರಿಂದ ಮುಂದಿನ ಸಲ ಗೋಡೆ ಬಿದ್ದಾಗ, ಸಲಿಕೆ ಹಿಡಿಯುವ ಮೊದಲು ಅರ್ಧ ಗಂಟೆ ಟೇಪು ಹಿಡಿಯಲಿ. ಮಣ್ಣನ್ನು ಸಂಜೆಗೆ ತೆಗೆದರೂ ನಡೆದೀತು.