ಗೋಡೆಯ ಮೇಲಿನ ಹಿನ್ನೀರು

ಮುಂಬಯಿಯ ಉಪನಗರಗಳಲ್ಲಿ ಗೃಹಪ್ರವೇಶಕ್ಕೆಂದು ಹೋದಲ್ಲೆಲ್ಲ ಈಚೆಗೆ ನಮ್ಮ ಕಣ್ಣಿಗೆ ಒಂದೇ ಬಗೆಯ ಚಿತ್ರ ಬೀಳುತ್ತಿದೆ. ಸೋಫಾದ ಮೇಲುಗಡೆ, ಐದು ಪಟ್ಟಿಗಳಾಗಿ ವಿಭಾಗಿಸಿದ ಕ್ಯಾನ್ವಾಸಿನಲ್ಲಿ, ಬೆಟ್ಟಗಳ ನಡುವೆ ಹರಡಿಕೊಂಡ ನೀಲಿ ಜಲರಾಶಿ. ನೀರಿನಲ್ಲಿ ಅಲ್ಲಲ್ಲಿ ನಿಂತ ಬೋಳುಮರಗಳು. ಅದೇ ದೃಶ್ಯ ದಿಂಬಿನ ಹೊದಿಕೆಗೂ ಕಿಟಕಿಯ ಪರದೆಗೂ ಇಳಿದಿದೆ. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆಯೇ ಎದುರಾಗುವ ಈ ನಗರದಲ್ಲಿ ಮನುಷ್ಯ ಒಂದಿಷ್ಟು ದೂರವನ್ನು ಕೊಂಡು ತಂದು ತೂಗುಹಾಕಿಕೊಳ್ಳುವುದನ್ನು ಹಾಸ್ಯ ಮಾಡುವ ಇರಾದೆ ನಮ್ಮದಲ್ಲ.

ಆದರೆ ಡೊಂಬಿವಲಿಯ ಒಂದು ಮನೆಯಲ್ಲಿ ಸಾಗರದ ಕಡೆಯಿಂದ ಬಂದಿದ್ದ ವೃದ್ಧೆಯೊಬ್ಬರು ಆ ಚಿತ್ರದ ಮುಂದೆ ನಿಂತು, "ಇದು ನಮ್ಮ ಕಡೆಯ ಹಿನ್ನೀರಲ್ವಾ?" ಎಂದು ಕೇಳಿದರು. ಯಾರಿಗೂ ಉತ್ತರ ತಿಳಿದಿರಲಿಲ್ಲ. ಚೌಕಟ್ಟನ್ನು ಇಳಿಸಿ ನೋಡಿದೆವು. ಹಿಂಬದಿಯ ಚೀಟಿಯಲ್ಲಿ ಅಳತೆಯಿತ್ತು, ಬೆಲೆಯಿತ್ತು, ಒರೆಸುವ ಕ್ರಮವೂ ಇತ್ತು. ಊರಿನ ಹೆಸರು ಮಾತ್ರ ಇರಲಿಲ್ಲ.

ನಮ್ಮ ತಕರಾರು ಇಷ್ಟೇ. ಜಲಾಶಯವೆಂಬುದು ತಾನಾಗಿ ಆದ ಸರೋವರವಲ್ಲ, ಕಟ್ಟಿದ್ದು. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದಾಗ ಊರು, ತೋಟ, ಗುಡಿಗಳ ಜೊತೆಗೆ ಅದಕ್ಕೂ ಮೊದಲು ಜೋಗದ ವಿದ್ಯುತ್ತಿಗಾಗಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೆಯೇ ಮುಳುಗಿತು. ನೀರು ತೀರ ಇಳಿದ ಬೇಸಗೆಗಳಲ್ಲಿ ಅದು ಮತ್ತೆ ತಲೆ ಎತ್ತುತ್ತದೆ. ತುಮರಿ ಸೀಮೆಯ ಜನ ಲಾಂಚನ್ನೇ ನೆಚ್ಚಿ ಆರು ದಶಕ ಕಳೆದರು. ಸಿಗಂದೂರಿನ ಸೇತುವೆ ತೆರೆದದ್ದು 2025ರಲ್ಲಿ. ಸಂತ್ರಸ್ತರ ಭೂಹಕ್ಕಿನ ಪ್ರಶ್ನೆ ಇನ್ನೂ ಪೂರ್ತಿ ಬಗೆಹರಿದಿಲ್ಲ. ಸಾಗರದ ನಾ. ಡಿಸೋಜಾ 'ಮುಳುಗಡೆ', 'ದ್ವೀಪ' ಕಾದಂಬರಿಗಳನ್ನು ಬರೆದದ್ದೂ, 2002ರಲ್ಲಿ ಗಿರೀಶ ಕಾಸರವಳ್ಳಿಯವರು 'ದ್ವೀಪ'ವನ್ನು ತೆರೆಗೆ ತಂದದ್ದೂ ಈ ನೀರಿನ ಕಾರಣದಿಂದಲೇ. ಚಿತ್ರದಲ್ಲಿ ಅಷ್ಟು ಚೆಲುವಾಗಿ ಕಾಣುವ ಬೋಳುಮರಗಳು ಉಸಿರುಕಟ್ಟಿ ಸತ್ತ ಕಾಡು.

ಮುಂಬಯಿಗರಿಗೆ ಇದು ಪರಸ್ಥಳದ ಸಂಗತಿಯೂ ಅಲ್ಲ. ಈ ನಗರಕ್ಕೆ ವಿದ್ಯುತ್ತು ಕೊಡಲೆಂದು ಟಾಟಾ ಕಂಪನಿ ಮುಳಶಿಯಲ್ಲಿ ಅಣೆಕಟ್ಟು ಕಟ್ಟಹೊರಟಾಗ, 1921ರಲ್ಲಿ ಅಲ್ಲಿನ ರೈತರು ಸತ್ಯಾಗ್ರಹ ಹೂಡಿದರು. ಮುಂದಾಳಾದ ಪಾಂಡುರಂಗ ಮಹಾದೇವ ಬಾಪಟರಿಗೆ 'ಸೇನಾಪತಿ' ಎಂಬ ಬಿರುದು ಅಂಟಿಕೊಂಡಿತು. ರೈತರು ಸೋತರು, ನೀರು ನಿಂತಿತು. ಇಂದು ಅದು ವಾರಾಂತ್ಯದ ವಿಹಾರತಾಣ. ನಮಗೆ ಕುಡಿಯುವ ನೀರು ಕೊಡುವ ತಾನಸಾ, ಭಾತ್ಸಾ, ವೈತರಣಾ ಜಲಾಶಯಗಳನ್ನಾದರೋ ನಾವು ನೆನೆಯುವುದು ಮಳೆಗಾಲದಲ್ಲಿ, ಪತ್ರಿಕೆಯಲ್ಲಿ ಅಚ್ಚಾಗುವ ಶೇಕಡಾ ಅಂಕಿಯಾಗಿ. ನಲ್ಲಿಯಲ್ಲಿ ಬರುವಾಗ ಅಂಕಿ, ಗೋಡೆಯ ಮೇಲೆ ಬರುವಾಗ ಅಲಂಕಾರ.

ಮನೆಯ ಗೋಡೆ ಇತಿಹಾಸದ ಪಾಠಶಾಲೆಯಲ್ಲ, ದಣಿದು ಬಂದವನಿಗೆ ತಂಪು ಬೇಕು ಎಂದು ಗೆಳೆಯರು ವಾದಿಸುತ್ತಾರೆ. ಒಪ್ಪೋಣ. ಹೆಸರು ಬರೆದರೆ ನೀರಿನ ತಂಪು ಕಡಿಮೆಯಾಗುತ್ತದೆಯೇ? 1894ರಲ್ಲಿ ಇದೇ ಘಾಟಕೋಪರದಲ್ಲಿ ಆರಂಭವಾದ ರವಿವರ್ಮನ ಮುದ್ರಣಾಲಯದಿಂದ ಮನೆಮನೆಗೆ ಹೋದ ಅಗ್ಗದ ಪಟಗಳ ಅಡಿಯಲ್ಲೂ ಇದು ಇಂಥ ದೇವತೆ, ಇಂಥ ಪ್ರಸಂಗ ಎಂದು ಅಚ್ಚಾಗಿರುತ್ತಿತ್ತು. ಹೆಸರಿಲ್ಲದ ನೀರನ್ನು ಎಲ್ಲಿಯದೆಂದೂ ಮಾರಬಹುದು. ಆ ವೃದ್ಧೆಯ ಊರೂ ಆಗ ಸ್ವಿಟ್ಜರ್ಲೆಂಡೇ. ಛಾಯಾಗ್ರಾಹಕನಿಗೆ ತಾನು ನಿಂತ ದಡ ಯಾವುದೆಂದು ಗೊತ್ತಿರುತ್ತದೆ. ಅವನ ಕ್ಯಾಮೆರಾದಿಂದ ದಿಂಬಿನ ಹೊದಿಕೆಯ ತನಕದ ದಾರಿಯಲ್ಲಿ ಎಲ್ಲೋ ಒಬ್ಬರು ಅದನ್ನು ಬೇಡವೆಂದು ಅಳಿಸುತ್ತಾರೆ. ಕೊಳ್ಳುವವರು ಕೇಳಿದರೆ ಅಳಿಸಲಾರರು.

ಮೊದಲು ನಮ್ಮ ಮನೆಯಿಂದಲೇ ಶುರುವಾಗಲಿ. ಇಲ್ಲಿನ ಕನ್ನಡ ಸಂಘಗಳು ವರ್ಷವರ್ಷವೂ ಕ್ಯಾಲೆಂಡರು ಅಚ್ಚುಹಾಕಿಸುತ್ತವೆ. ಮಲೆನಾಡಿನ ಹಿನ್ನೀರು ಅವುಗಳ ನೆಚ್ಚಿನ ಪುಟ. ಬರುವ ವರ್ಷ ಆ ಪುಟದಡಿ ನದಿಯ ಹೆಸರು, ಅಣೆಕಟ್ಟಿನ ಇಸವಿ, ಮುಳುಗಿದ ಊರುಗಳಲ್ಲಿ ನಾಲ್ಕಾರರ ಹೆಸರು ಇರಲಿ. ಸಾಧ್ಯವಾದರೆ ತುಂಬಿದ ಶ್ರಾವಣದ ಚಿತ್ರದ ಬದಲು, ನೀರಿಳಿದು ಹಳೆಯ ಕಟ್ಟೆ ಹೊರಬಿದ್ದ ಬೇಸಗೆಯದನ್ನು ಹಾಕಿರಿ. ಮೇ ತಿಂಗಳಿಗೆ ಅದೇ ಸರಿಹೊಂದುತ್ತದೆ.