ಕೊಪ್ಪಳದ ಉಕ್ಕಿನ ಲೆಕ್ಕದಲ್ಲಿ ಮೀಥೇನ್ ಎಲ್ಲಿದೆ?

2025ರ ಫೆಬ್ರವರಿ 24ರಂದು ಕೊಪ್ಪಳ ಬಂದ್ ಆಯಿತು. ಬಿಎಸ್‌ಪಿಎಲ್‌ನ 54,000 ಕೋಟಿ ರೂಪಾಯಿಯ ಉಕ್ಕಿನ ಕಾರ್ಖಾನೆ ಬೇಡವೆಂದು ಗವಿಮಠದ ಸ್ವಾಮೀಜಿಯೂ ಜನರ ಜೊತೆ ನಿಂತರು. ಇರುವ ಕಾರ್ಖಾನೆಗಳ ದೂಳನ್ನೇ ತಡೆಯೋಕೆ ಆಗ್ತಿಲ್ಲ, ಇನ್ನೊಂದು ಯಾಕೆ ಅನ್ನೋದು ಜನರ ಪ್ರಶ್ನೆ. ಅದು ನ್ಯಾಯವಾದದ್ದು. ಇದರ ಜೊತೆಗೆ ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ.

ಬೇವಿನಹಳ್ಳಿ, ಗಿಣಿಗೇರಾದ ಬ್ಲಾಸ್ಟ್ ಫರ್ನೇಸ್‌ಗಳಿಗೆ ಅದಿರು ಪಕ್ಕದ ಜಿಲ್ಲೆಯಲ್ಲೇ ಸಿಗುತ್ತೆ. ಕೋಕ್ ಮಾಡುವ ಕಲ್ಲಿದ್ದಲಿನ ಕಥೆ ಬೇರೆ. ಭಾರತ ಅದರ ಬಹುಪಾಲನ್ನು ಹೊರಗಿನಿಂದ, ಮುಖ್ಯವಾಗಿ ಆಸ್ಟ್ರೇಲಿಯಾದಿಂದ ತರಿಸುತ್ತದೆ. ನೆಲದಾಳದ ಗಣಿಗಳಲ್ಲಿ ಕಲ್ಲಿದ್ದಲಿನ ಜೊತೆ ಮೀಥೇನ್ ಕೂಡ ಹೊರಬರುತ್ತದೆ. ಕಾರ್ಮಿಕರ ಜೀವ ಉಳಿಯಲಿ ಅಂತ ದೊಡ್ಡ ಫ್ಯಾನುಗಳು ಆ ಗಾಳಿಯನ್ನು ಹೊರಗೆಳೆದು ಆಕಾಶಕ್ಕೆ ಬಿಡುತ್ತವೆ. ಅದರಲ್ಲಿ ಮೀಥೇನ್ ಇರೋದು ಸಾಮಾನ್ಯವಾಗಿ ಶೇ 1ಕ್ಕಿಂತ ಕಡಿಮೆ. ಗಾಳಿಯಲ್ಲಿ ಕನಿಷ್ಠ ಶೇ 5 ಇದ್ದರೆ ಮಾತ್ರ ಅದಕ್ಕೆ ಬೆಂಕಿ ಹತ್ತೋದು. ಆದರೆ 20 ವರ್ಷದ ಲೆಕ್ಕದಲ್ಲಿ ಅದರ ತಾಪದ ಶಕ್ತಿ ಇಂಗಾಲದ ಡೈಆಕ್ಸೈಡ್‌ಗಿಂತ 80 ಪಟ್ಟು ಹೆಚ್ಚು.

‘ಇಷ್ಟು ತೆಳು ಅನಿಲವನ್ನು ಏನು ಮಾಡೋಕಾಗುತ್ತೆ’ ಎಂಬ ನೆಪಕ್ಕೆ ಎಂಜಿನಿಯರಿಂಗ್ ಎಂದೋ ಉತ್ತರ ಕೊಟ್ಟಿದೆ. ಸೆರಾಮಿಕ್ ತುಂಬಿದ ಪೆಟ್ಟಿಗೆಯನ್ನು ಮೊದಲೊಮ್ಮೆ ಸುಮಾರು 1000 ಡಿಗ್ರಿಗೆ ಕಾಯಿಸಬೇಕು. ಗಣಿಯ ಗಾಳಿ ಒಂದು ಬದಿಯಿಂದ ನುಗ್ಗಿ, ಬಿಸಿಯಾಗಿ, ನಡುವೆ ಮೀಥೇನ್ ಉರಿದು, ಬಿಸಿಯನ್ನು ಇನ್ನೊಂದು ಬದಿಯ ಸೆರಾಮಿಕ್‌ಗೆ ಕೊಟ್ಟು ಹೊರಡುತ್ತದೆ. ಕೆಲವು ನಿಮಿಷಕ್ಕೊಮ್ಮೆ ಹರಿವಿನ ದಿಕ್ಕು ತಿರುಗಿಸಿದರೆ ಬಿಸಿ ಒಳಗೇ ಉಳಿಯುತ್ತದೆ. ಆಮೇಲೆ ಬೇರೆ ಇಂಧನವೇ ಬೇಡ. ನಮ್ಮ ಬ್ಲಾಸ್ಟ್ ಫರ್ನೇಸ್ ಪಕ್ಕದ ಸ್ಟೋವ್‌ಗಳೂ ಇಟ್ಟಿಗೆಯಲ್ಲಿ ಬಿಸಿ ಕೂಡಿಟ್ಟು ಗಾಳಿಗೆ ಕೊಡುವುದು ಇದೇ ತತ್ವದಲ್ಲಿ.

ಇದು ಬರೀ ಪ್ರಯೋಗಾಲಯದ ಮಾತಲ್ಲ. ಆಸ್ಟ್ರೇಲಿಯಾದ ವೆಸ್ಟ್ ಕ್ಲಿಫ್ ಗಣಿಯಲ್ಲಿ 2007ರಲ್ಲೇ ಇಂಥ ರಿಯಾಕ್ಟರ್‌ಗಳ ಬಿಸಿಯಿಂದ 6 ಮೆಗಾವ್ಯಾಟ್ ವಿದ್ಯುತ್ ಘಟಕ ಶುರುವಾಯಿತು. ಗಂಗಾವತಿಯ ಗದ್ದೆಗಳಿಂದಲೂ ಮೀಥೇನ್ ಬರುತ್ತೆ, ಆದರೆ ಗದ್ದೆಗೆ ಮುಚ್ಚಳ ಹಾಕೋಕಾಗಲ್ಲ. ಗಣಿಯದ್ದು ಒಂದೇ ಬಾವಿಯಿಂದ ಹೊರಬರುತ್ತೆ. ಹಿಡಿಯೋಕೆ ಇದಕ್ಕಿಂತ ಸುಲಭದ ಜಾಗ ಇನ್ನೆಲ್ಲಿ?

ಹಾಗಾದರೆ ಎಲ್ಲ ಗಣಿಗಳೂ ಯಾಕೆ ಮಾಡಲ್ಲ? ಮೀಥೇನ್ ತೀರಾ ಕಡಿಮೆಯಿದ್ದರೆ ಅದನ್ನು ಸುಡಬಹುದೇ ಹೊರತು ಮಾರುವಷ್ಟು ಬಿಸಿ ಮಿಗಲ್ಲ. ಲಾಭ ಇಲ್ಲದ ಕಡೆ ಕಾನೂನು ಅಥವಾ ಕೊಳ್ಳುವವರು ಒತ್ತಾಯಿಸಬೇಕು. ಕೊಳ್ಳುವವರಲ್ಲಿ ನಮ್ಮ ಉಕ್ಕಿನ ಕಂಪನಿಗಳೂ ಇವೆ. 2030ರೊಳಗೆ ಮೀಥೇನನ್ನು ಶೇ 30ರಷ್ಟು ಇಳಿಸುವ ಜಾಗತಿಕ ಪ್ರತಿಜ್ಞೆಗೆ ಭಾರತ ಸಹಿ ಹಾಕಿಲ್ಲ. ಹಾಗಂತ ಖರೀದಿ ಒಪ್ಪಂದದಲ್ಲಿ ಒಂದು ಷರತ್ತು ಸೇರಿಸೋಕೆ ಯಾರ ಅಡ್ಡಿಯೂ ಇಲ್ಲ.

ಒಂದು ಎಚ್ಚರಿಕೆ. ಎಲ್ಲೋ ದೂರದ ಮೀಥೇನ್ ಸುಟ್ಟು, ಕಾರ್ಬನ್ ಕ್ರೆಡಿಟ್ ಕೊಂಡು, ಇಲ್ಲಿ ‘ಹಸಿರು ಉಕ್ಕು’ ಅಂತ ಬೋರ್ಡ್ ಹಾಕಿದರೆ ಗಿಣಿಗೇರಾದ ಮಾಳಿಗೆ ಮೇಲಿನ ದೂಳು ಚಿಟಿಕೆಯಷ್ಟೂ ಇಳಿಯಲ್ಲ. ಒಂದನ್ನು ತೋರಿಸಿ ಇನ್ನೊಂದನ್ನು ಮಾಫಿ ಮಾಡಿಸಿಕೊಳ್ಳೋಕೆ ಬಿಡಬಾರದು. ಮುಂದಿನ ಸಾರ್ವಜನಿಕ ಅಹವಾಲು ಸಭೆಯಲ್ಲಿ ಕೊಪ್ಪಳ, ಕುಷ್ಟಗಿ, ಯಲಬುರ್ಗಾದ ಯುವಜನ ಎರಡನ್ನೂ ಕೇಳಲಿ: ನಮ್ಮೂರ ದೂಳಿಗೆ ಏನು ಮಾಡ್ತೀರಿ? ನಿಮ್ಮ ಕಲ್ಲಿದ್ದಲು ಯಾವ ಗಣಿಯದ್ದು, ಅಲ್ಲಿಯ ಮೀಥೇನ್ ಸುಡುತ್ತಿದ್ದಾರಾ? ಎರಡಕ್ಕೂ ಉತ್ತರ ಬರಹದಲ್ಲೇ ಬೇಕು.