ಸರ್ಟಿಫಿಕೇಟ್ ಐತಿ ಅಂದ್ರ ಸಾಕೇನ್ರಿ?

2025ರ ಏಪ್ರಿಲ್‌ನಲ್ಲಿ 10 ಗ್ರಾಂ ಚಿನ್ನದ ದರ ಮೊದಲ ಬಾರಿಗೆ ಒಂದು ಲಕ್ಷ ರೂಪಾಯಿ ಮುಟ್ಟಿತು. ಅಲ್ಲಿಂದೀಚೆಗೆ ನಮ್ಮೂರಿನ ಮದುವೆ ಮಾತುಕತೆಗಳಲ್ಲಿ ‘ಡೈಮಂಡ್’ ಎಂಬ ಪದ ಹೆಚ್ಚು ಕೇಳಿಸುತ್ತಿದೆ. ನಮ್ಮೂರು ಮಂಗಳೂರು. ಕಡಲಿರುವ ಮಂಗಳೂರಲ್ಲ, ಕೊಪ್ಪಳ ಜಿಲ್ಲೆಯ ಯಲಬುರ್ಗಾ ಸೀಮೆಯ ಮಂಗಳೂರು. ಹೆಸರು ಒಂದೇ ಆದರೂ ವಸ್ತು ಬೇರೆ ಇರಬಹುದು ಎಂಬುದು ನಮ್ಮೂರವರಿಗೆ ಬೇಗ ತಿಳಿಯುತ್ತದೆ. ಬೆಂಗಳೂರಿನಲ್ಲಿ ಕೆಲಸ ಹುಡುಕಲು ಹೋದರೆ ‘ಮೀನು ಊಟ ಚೆನ್ನಾಗಿರುತ್ತಲ್ಲಾ ನಿಮ್ಮ ಕಡೆ’ ಎನ್ನುತ್ತಾರೆ!

ಐದು ತೊಲೆ ಬಂಗಾರ ಹಾಕುತ್ತೇವೆಂದು ಮಾತು ಕೊಟ್ಟ ಮನೆಯವರಿಗೆ ಈಗ ಎರಡೂವರೆ ತೊಲೆಯೇ ಭಾರ. ಆಗ ಅಂಗಡಿಯವರು ಮುಂದಿಡುವ ದಾರಿ ಒಂದೇ. 22 ಕ್ಯಾರೆಟ್ ಬದಲು 18 ಅಥವಾ 14 ಕ್ಯಾರೆಟ್ ಚಿನ್ನ, ಮೇಲೆ ಸಣ್ಣ ಸಣ್ಣ ವಜ್ರದ ಹರಳು. ನೋಡಲು ಭರ್ಜರಿ, ತೂಕ ಕಡಿಮೆ. ‘ಹಳೇ ಬಂಗಾರ ಕೊಟ್ಟು ಬದಲಿ ತಗೊಳ್ರಿ’ ಎಂಬ ಆಫರ್ ಕೂಡ ಇರುತ್ತದೆ. ಚಿನ್ನದ ದರ ಏರಿದಷ್ಟೂ ಈ ಮಾರಾಟದ ಜೋರು ಏರುವುದು ಸಹಜ. ಆದರೆ ಚಿನ್ನ ಕೊಳ್ಳುವುದರಲ್ಲಿ ನಮ್ಮ ಅವ್ವಂದಿರಿಗೆ ಇರುವ ಅನುಭವ ವಜ್ರಕ್ಕೆ ಉಪಯೋಗಕ್ಕೆ ಬರುವುದಿಲ್ಲ. ಓದಿದ ಮಕ್ಕಳು ಜೊತೆಗೆ ಹೋಗಿ ಕೇಳಬೇಕಾದ ಕಾಲ ಇದು.

ಮೊದಲ ಗೊಂದಲ ‘ಕ್ಯಾರೆಟ್’ ಎಂಬ ಪದದ್ದೇ. ಚಿನ್ನದ ಕ್ಯಾರೆಟ್ ಶುದ್ಧತೆಯ ಲೆಕ್ಕ: 24ರಲ್ಲಿ 18 ಪಾಲು ಚಿನ್ನ ಎಂದರೆ ಶೇ 75. ಅದಕ್ಕೇ 18 ಕ್ಯಾರೆಟ್ ಆಭರಣದ ಮೇಲೆ 750 ಎಂದು, 14 ಕ್ಯಾರೆಟ್ ಮೇಲೆ 585 ಎಂದು ಮುದ್ರೆ ಇರುತ್ತದೆ. ವಜ್ರದ ಕ್ಯಾರೆಟ್ ಬರೀ ತೂಕ. ಒಂದು ಕ್ಯಾರೆಟ್ ಎಂದರೆ 200 ಮಿಲಿಗ್ರಾಂ, ಅದರ ನೂರನೇ ಒಂದು ಭಾಗಕ್ಕೆ ಸೆಂಟ್ ಎನ್ನುತ್ತಾರೆ. ‘ಒಂದು ಕ್ಯಾರೆಟ್ ಉಂಗುರ’ ಎಂದು ತೋರಿಸಿದ್ದರಲ್ಲಿ ಐದೈದು ಸೆಂಟಿನ 20 ಹರಳುಗಳಿರಬಹುದು. ಒಂದೇ ಹರಳು ಒಂದು ಕ್ಯಾರೆಟ್ ತೂಗಿದರೆ ಅದರ ಬೆಲೆ ಈ ಇಪ್ಪತ್ತರ ಒಟ್ಟು ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚು, ಏಕೆಂದರೆ ದೊಡ್ಡ ಹರಳು ಅಪರೂಪ. ಇದು ಹೊಸ ತಿಳಿವಳಿಕೆಯೇನಲ್ಲ. ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಎದುರು ದಂಡೆಯ ವಿಜಯನಗರದಲ್ಲಿ ಮುತ್ತುರತ್ನಗಳನ್ನು ಬಳ್ಳದಲ್ಲಿ ಅಳೆದು ಮಾರುತ್ತಿದ್ದರು ಎಂದು ನಾವೆಲ್ಲ ಶಾಲೆಯಲ್ಲಿ ಕೇಳಿದ್ದೇವೆ. ಅದೇ ರಾಜ್ಯದ ಬಗ್ಗೆ 16ನೇ ಶತಮಾನದಲ್ಲಿ ಬರೆದ ಪೋರ್ಚುಗೀಸ್ ವ್ಯಾಪಾರಿ ನ್ಯೂನಿಜ್ ಹೇಳುವುದು ಬೇರೆ: ಗಣಿಯಲ್ಲಿ ಸಿಕ್ಕ ವಜ್ರ 20 ‘ಮಂಗೆಲಿನ್’ ತೂಕಕ್ಕಿಂತ ಹೆಚ್ಚಿದ್ದರೆ ಅದು ಅರಸನ ಬೊಕ್ಕಸಕ್ಕೆ ಹೋಗಬೇಕಿತ್ತು. ಬಳ್ಳದ ಮಾತು ಏನೇ ಇರಲಿ, ದೊಡ್ಡ ಹರಳನ್ನು ಮಾತ್ರ ತೂಗಿಯೇ ಎತ್ತಿಡುತ್ತಿದ್ದರು.

ಬಿಲ್‌ನಲ್ಲಿಯೂ ಈ ತೂಕದ್ದೇ ಆಟ. ಎರಡು ಕ್ಯಾರೆಟ್ ಹರಳಿದ್ದರೆ ಅದು 0.4 ಗ್ರಾಂ. ಆಭರಣದ ಒಟ್ಟು ತೂಕಕ್ಕೆ ಚಿನ್ನದ ದರ ಹಾಕಿ, ಮತ್ತೆ ವಜ್ರಕ್ಕೆ ಪ್ರತ್ಯೇಕ ದರ ಹಾಕಿದರೆ ಹರಳನ್ನು ಎರಡು ಸಲ ಕೊಂಡಂತೆ. ಶುದ್ಧ ಚಿನ್ನ 10 ಗ್ರಾಂಗೆ ಒಂದು ಲಕ್ಷ ಇದ್ದಾಗ 18 ಕ್ಯಾರೆಟ್ ಚಿನ್ನ ಗ್ರಾಂಗೆ 7,500 ರೂಪಾಯಿ. ಅಂದರೆ ಇಲ್ಲಿ ಸುಮ್ಮನೆ ಹೋಗುವುದು 3,000 ರೂಪಾಯಿ. ಇದು ಕಾಲೇಜು ಹುಡುಗರಿಗೆ ಒಂದು ತಿಂಗಳ ಮೆಸ್ ಬಿಲ್!

ಅಕ್ಕನ ಮದುವೆಗೆ ಓಲೆ ನೋಡಲು ಕಳೆದ ವರ್ಷ ನಗರದ ಒಂದು ಮಳಿಗೆಗೆ ಹೋಗಿದ್ದೆವು. ಅಸಲಿಯೇ ಎಂದು ಅಪ್ಪ ಕೇಳಿದ್ದಕ್ಕೆ ಅಲ್ಲಿಯ ಹುಡುಗ ಪೆನ್ನಿನಂಥ ಯಂತ್ರವನ್ನು ಹರಳಿಗೆ ತಾಗಿಸಿದ. ‘ಬೀಪ್’ ಎಂದಿತು. ‘ನೋಡ್ರಿ, ಒರಿಜಿನಲ್. ಸರ್ಟಿಫಿಕೇಟೂ ಐತಿ, ಚಿಂತಿ ಮಾಡಬ್ಯಾಡ್ರಿ’ ಎಂದ. ಅಪ್ಪನ ಮುಖ ಸಡಿಲಾಯಿತು. ನಾನು ಕಾರ್ಡ್ ಇಸಿದುಕೊಂಡು ಓದಿದೆ. ಸಣ್ಣ ಅಕ್ಷರದಲ್ಲಿ ‘ಲ್ಯಾಬೊರೇಟರಿ ಗ್ರೋನ್’ ಎಂದಿತ್ತು. ಹುಡುಗ ಹೇಳಿದ್ದು ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ.

ಆ ಪೆನ್ನು ನೋಡುವುದು ಹರಳು ಶಾಖವನ್ನು ಎಷ್ಟು ಬೇಗ ಸಾಗಿಸುತ್ತದೆ ಎಂಬುದನ್ನು. ಗಾಜು, ಅಮೆರಿಕನ್ ಡೈಮಂಡ್ ಎಂದು ಮಾರುವ ಜಿರ್ಕೋನಿಯಾ ಇದರಲ್ಲಿ ಸಿಕ್ಕಿಬೀಳುತ್ತವೆ. ಶಾಖ ಮಾತ್ರ ಅಳೆಯುವ ಪೆನ್ನು ಮಾಯ್ಸನೈಟ್ ಎಂಬ ಬೇರೆಯೇ ಹರಳನ್ನೂ ವಜ್ರ ಎಂದುಬಿಡಬಹುದು. ಇನ್ನು ಪ್ರಯೋಗಾಲಯದಲ್ಲಿ ಬೆಳೆಸಿದ್ದು ನಿಜಕ್ಕೂ ವಜ್ರವೇ: ಅದೇ ಇಂಗಾಲ, ಅದೇ ಹರಳು ರಚನೆ. ಭೂಮಿಯ ಒತ್ತಡ ಮತ್ತು ಶಾಖವನ್ನು ಯಂತ್ರದಲ್ಲಿ ತಂದೋ, ಅನಿಲದಿಂದ ಇಂಗಾಲವನ್ನು ಪದರ ಪದರವಾಗಿ ಕೂಡಿಸಿಯೋ ಕೆಲವೇ ವಾರಗಳಲ್ಲಿ ಬೆಳೆಸುತ್ತಾರೆ. ಎರಡನ್ನೂ ಖಚಿತವಾಗಿ ಬೇರ್ಪಡಿಸಲು ಪ್ರಯೋಗಾಲಯದ ಉಪಕರಣಗಳೇ ಬೇಕು.

ಹಾಗಾದರೆ ಸರ್ಟಿಫಿಕೇಟ್ ಎಂದರೇನು? ಚಿನ್ನದ ಹಾಲ್‌ಮಾರ್ಕ್ ಮತ್ತು ವಜ್ರದ ಕಾಗದ ಒಂದೇ ಜಾತಿಯವೆಂದು ಬಹಳ ಜನ ತಿಳಿದಿದ್ದಾರೆ. ಹಾಲ್‌ಮಾರ್ಕ್ ಹಿಂದೆ ಭಾರತೀಯ ಮಾನಕ ಬ್ಯೂರೊ ಇದೆ. 2021ರ ಜೂನ್‌ನಲ್ಲಿ 256 ಜಿಲ್ಲೆಗಳಿಂದ ಅದು ಕಡ್ಡಾಯವಾಗುತ್ತ ಬಂತು. ಆಭರಣದ ಮೇಲಿನ ಆರು ಅಕ್ಷರ–ಅಂಕಿಗಳ ಎಚ್‌ಯುಐಡಿ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿ ನಾವೇ ನೋಡಬಹುದು. ಆದರೆ ಅದು ಚಿನ್ನದ ಬಗ್ಗೆ ಮಾತ್ರ ಹೇಳುತ್ತದೆ. ಅದರಲ್ಲಿ ಕೂತ ಹರಳಿನ ಬಗ್ಗೆ ಒಂದು ಮಾತೂ ಹೇಳುವುದಿಲ್ಲ.

ವಜ್ರದ ಕಾಗದ ಸರ್ಕಾರಿ ಮುದ್ರೆಯಲ್ಲ, ಪ್ರಯೋಗಾಲಯವೊಂದರ ಪರಿಣತ ಅಭಿಪ್ರಾಯ. 1931ರಲ್ಲಿ ಅಮೆರಿಕದಲ್ಲಿ ಆರಂಭವಾದ ಜಿಐಎ ಸಂಸ್ಥೆ ರೂಪಿಸಿದ ಅಳತೆಗೋಲನ್ನೇ ಉಳಿದವರೂ ಹೆಚ್ಚುಕಡಿಮೆ ಅನುಸರಿಸುತ್ತಾರೆ. ಬಣ್ಣಕ್ಕೆ ಇಂಗ್ಲಿಷಿನ ಡಿಯಿಂದ ಝಡ್‌ವರೆಗೆ ಅಕ್ಷರಗಳು. ಡಿ ಎಂದರೆ ಬಣ್ಣವೇ ಇಲ್ಲದ್ದು, ಮುಂದೆ ಹೋದಂತೆ ಹಳದಿ ಛಾಯೆ. ಒಳಗಿನ ಕಲೆ, ಬಿರುಕುಗಳಿಗೆ ದೋಷರಹಿತದಿಂದ ಹಿಡಿದು 11 ಮೆಟ್ಟಿಲು. ಗುಂಡು ಹರಳಾದರೆ ಕಡಿತಕ್ಕೂ ದರ್ಜೆ ಇರುತ್ತದೆ. ಹೊಳಪು ನಿಂತಿರುವುದು ಬಹುಪಾಲು ಈ ಕಡಿತದ ಮೇಲೆ, ಅಂಗಡಿಯಲ್ಲಿ ಯಾರೂ ಹೆಚ್ಚು ಮಾತಾಡದಿರುವುದೂ ಅದರ ಬಗ್ಗೆಯೇ. ದರ್ಜೆ ಕಣ್ಣಿನ ತೀರ್ಪಾದ್ದರಿಂದ ಒಂದೇ ಹರಳಿಗೆ ಎರಡು ಪ್ರಯೋಗಾಲಯ ಎರಡು ಅಕ್ಷರ ಕೊಡಬಹುದು. ಉದಾರವಾಗಿ ಅಂಕ ಹಾಕುವ ಮೇಷ್ಟ್ರು ಎಲ್ಲ ಕಡೆ ಇರುತ್ತಾರಲ್ಲ! 2014ರಲ್ಲಿ ವಜ್ರ ವ್ಯಾಪಾರದ ಜಾಲ ರಾಪ್‌ನೆಟ್, ಇಜಿಎಲ್ ಹೆಸರಿನ ವರದಿಗಳಲ್ಲಿ ದರ್ಜೆ ಉಬ್ಬಿಸಲಾಗಿದೆ ಎಂಬ ಕಾರಣಕ್ಕೆ ಅವುಗಳನ್ನು ತನ್ನ ಪಟ್ಟಿಯಿಂದಲೇ ಕೈಬಿಟ್ಟಿತ್ತು. ಹಾಗಾಗಿ ‘ಸರ್ಟಿಫಿಕೇಟ್ ಇದೆಯೇ’ ಎಂಬುದಕ್ಕಿಂತ ‘ಯಾರದ್ದು’ ಎಂದು ಕೇಳಬೇಕು. ಸಣ್ಣ ಹರಳುಗಳ ಆಭರಣಕ್ಕೆ ಒಟ್ಟಾರೆ ಒಂದೇ ಕಾರ್ಡ್ ಕೊಡುವುದು ರೂಢಿ. ಕೂರಿಸಿದ ಮೇಲೆ ಹರಳನ್ನು ಬಿಡಿಯಾಗಿ ತೂಗಲಾಗದು ಎಂಬುದೂ ನೆನಪಿರಲಿ. ವರದಿ ಸಂಖ್ಯೆಯನ್ನು ಆ ಪ್ರಯೋಗಾಲಯದ ವೆಬ್‌ಸೈಟ್‌ನಲ್ಲಿ ಹಾಕಿ, ಬಂದ ವಿವರ ಕೈಯಲ್ಲಿರುವ ವಸ್ತುವಿಗೆ ಹೊಂದುತ್ತದೆಯೇ ಎಂದು ನೋಡಲು ಎರಡು ನಿಮಿಷ ಸಾಕು. ಹರಳಿನ ಅಂಚಿನಲ್ಲಿ ಲೇಸರ್‌ನಿಂದ ಕೆತ್ತಿದ ಸಂಖ್ಯೆಯೂ ನಕಲಾದ ಪ್ರಕರಣಗಳಿವೆ, ಆದ್ದರಿಂದ ಸಂಖ್ಯೆಯ ಜೊತೆ ತೂಕ, ಅಳತೆಯೂ ತಾಳೆಯಾಗಬೇಕು.

ಬೆಳೆಸಿದ ವಜ್ರದ ಬಗ್ಗೆ ನನಗೇನೂ ತಕರಾರಿಲ್ಲ. 2023ರಲ್ಲಿ ಪ್ರಧಾನಿ ಮೋದಿ ಅಮೆರಿಕದ ಅಂದಿನ ಅಧ್ಯಕ್ಷರ ಪತ್ನಿಗೆ ಉಡುಗೊರೆ ಕೊಟ್ಟದ್ದು 7.5 ಕ್ಯಾರೆಟ್‌ನ ಇಂಥದೇ ವಜ್ರ. ಮೊದಲ ಸಂಬಳದಲ್ಲಿ ಅವ್ವನಿಗೆ ಮೂಗುಬಟ್ಟು ಕೊಡಿಸುವ ಆಸೆಯಿದ್ದವರಿಗೆ ಅದು ಒಳ್ಳೆಯ ಆಯ್ಕೆಯೇ. ಆದರೆ ಬೆಲೆ ಅದರದ್ದೇ ಇರಬೇಕು. ಕಾರ್ಖಾನೆಗಳು ಹೆಚ್ಚಿದಂತೆ ಇವುಗಳ ದರ ವರ್ಷ ವರ್ಷ ಇಳಿದಿದೆ. ಡಿ ಬಿಯರ್ಸ್ ಕಂಪನಿ 2025ರಲ್ಲಿ ತನ್ನ ಲ್ಯಾಬ್ ವಜ್ರದ ‘ಲೈಟ್‌ಬಾಕ್ಸ್’ ಬ್ರ್ಯಾಂಡನ್ನೇ ಮುಚ್ಚುವುದಾಗಿ ಹೇಳಿತು. ಅದೇ ವರ್ಷದ ಅಕ್ಟೋಬರ್‌ನಿಂದ ಜಿಐಎ ಇವುಗಳಿಗೆ ಡಿ, ಇ, ಎಫ್ ದರ್ಜೆ ಕೊಡುವುದನ್ನು ಬಿಟ್ಟು ‘ಪ್ರೀಮಿಯಂ’, ‘ಸ್ಟ್ಯಾಂಡರ್ಡ್’ ಎಂದಷ್ಟೇ ಗುರುತಿಸುತ್ತಿದೆ.

ನಮ್ಮ ಜಿಲ್ಲೆಯ ಮಟ್ಟಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ಮಳೆ ಕೈಕೊಟ್ಟಾಗ, ಬೀಜ–ಗೊಬ್ಬರಕ್ಕೆ, ಮಕ್ಕಳ ಫೀಸಿಗೆ ನಮ್ಮಲ್ಲಿ ಮೊದಲು ಹೊರಗೆ ಬರುವುದು ಅವ್ವನ ಬಂಗಾರ. ಬ್ಯಾಂಕು, ಸೊಸೈಟಿ, ಫೈನಾನ್ಸ್ ಎಲ್ಲರೂ ಹಿಡಿಯುವುದು ಚಿನ್ನದ ತೂಕ ಮತ್ತು ಶುದ್ಧತೆ. 2025ರ ಜೂನ್‌ನ ರಿಸರ್ವ್ ಬ್ಯಾಂಕ್ ನಿರ್ದೇಶನವೂ ಸ್ಪಷ್ಟವಾಗಿದೆ: ಅಡವಿಟ್ಟ ಆಭರಣದಲ್ಲಿರುವ ಚಿನ್ನಕ್ಕೆ ಮಾತ್ರ ಬೆಲೆ ಕಟ್ಟಬೇಕು, ಹರಳುಗಳ ಮೌಲ್ಯ ಸೇರಿಸುವಂತಿಲ್ಲ. ಅಂದಮೇಲೆ ಎರಡು ತೊಲೆ 22 ಕ್ಯಾರೆಟ್ ಸರ ಕೊಟ್ಟು ವಜ್ರದ ಸೆಟ್ ತಂದರೆ, ಎಷ್ಟೇ ಒಳ್ಳೆಯ ಪ್ರಯೋಗಾಲಯದ ಕಾಗದವಿದ್ದರೂ, ಆಪತ್ತಿಗೆ ಉಳಿಯುವುದು ಅದರಲ್ಲಿರುವ ಕಡಿಮೆ ಶುದ್ಧತೆಯ ನಾಲ್ಕೆಂಟು ಗ್ರಾಂ ಚಿನ್ನ ಮಾತ್ರ. ಗ್ರೇಡಿಂಗ್ ವರದಿಯಲ್ಲಿ ಬೆಲೆ ಬರೆದಿರುವುದಿಲ್ಲ. ನಾಳೆ ಯಾರಾದರೂ ಕೊಂಡುಕೊಳ್ಳುತ್ತಾರೆ ಎಂಬ ಭರವಸೆಯೂ ಇರುವುದಿಲ್ಲ. ಆಸೆಗೆ ವಜ್ರ ಕೊಳ್ಳೋಣ, ಆದರೆ ಅವ್ವನ ಸರ ಕರಗಿಸಿ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ನಾವು ಅಂದು ಕೊಂಡದ್ದು ಆ ಲ್ಯಾಬ್ ಓಲೆಗಳನ್ನೇ, ಬೇರೆರಡು ಕಡೆ ದರ ವಿಚಾರಿಸಿದ ಮೇಲೆ. ಬಿಲ್‌ನಲ್ಲಿ ‘ಲ್ಯಾಬ್‌ನಲ್ಲಿ ಬೆಳೆಸಿದ್ದು’ ಎಂಬ ಮಾತು, ಹರಳಿನ ತೂಕ, ದರ್ಜೆ, ವರದಿ ಸಂಖ್ಯೆ, ಚಿನ್ನದ ನಿವ್ವಳ ತೂಕ ಬೇರೆ ಬೇರೆಯಾಗಿ ಬರೆಸಿದೆವು. ಮರಳಿ ಕೊಳ್ಳುವಾಗ ಶೇಕಡಾ ಎಷ್ಟು ಕೊಡುತ್ತೀರಿ ಎಂದು ಕೇಳಿದಾಗ ಹುಡುಗ ಮ್ಯಾನೇಜರನ್ನು ಕರೆತಂದ. ಚಿನ್ನಕ್ಕೆ ಆ ದಿನದ ದರ ಕೊಡುತ್ತೇವೆ, ಹರಳಿಗೆ ಏನೂ ಇಲ್ಲ ಎಂದರು. ಅದನ್ನೂ ಬಿಲ್ ಮೇಲೆ ಬರೆದುಕೊಡಿ ಎಂದೆವು. ಸ್ವಲ್ಪ ಹೊತ್ತು ಮುಖ ನೋಡಿ, ಬರೆದು ಸಹಿ ಹಾಕಿ ಕೊಟ್ಟರು.